ಹೆಸರು ಬದಲಿಸಲಾಗಿದೆ

ಹೋದ ವೈಶಾಖದಲ್ಲಿ ಕನಕಗಿರಿಯಲ್ಲೊಂದು ಮದುವೆ. ಅಕ್ಷತೆ ಬಿದ್ದು, ಊಟದ ಎರಡು ಪಂಕ್ತಿ ಎದ್ದು, ಮದುಮಗಳನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ನಾದಿನಿಯರು ನಾಲ್ಕು ಜನ ಬಾಗಿಲಿಗೆ ಅಡ್ಡ ನಿಂತು ಚೌಕಟ್ಟು ಹಿಡಿದುಬಿಟ್ಟರು. "ಹೆಸರ ಹೇಳು. ಹೇಳೋಮಟ ಒಳಗ ಬಿಡೂದಿಲ್ಲ." ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮಸುಮ್ಮನೆ ಎತ್ತುವಂತಿಲ್ಲ. ಎತ್ತಲೇಬೇಕಾದಾಗ ಪ್ರಾಸ ಕಟ್ಟಿ, ಎರಡು ಸಾಲಿನಲ್ಲಿ ಹೆಸರನ್ನು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಅನ್ನುತ್ತೇವೆ. ಈ ಹುಡುಗಿ ಗಟ್ಟಿಗಿತ್ತಿ. ನಾಚಲಿಲ್ಲ, ತಲೆ ತಗ್ಗಿಸಲಿಲ್ಲ. ಸೆರಗಿನ ಮರೆಯಿಂದ ಮೊಬೈಲು ತೆಗೆದು, ಬೆರಳಾಡಿಸಿ, ಓದಿಯೇ ಬಿಟ್ಟಳು:

ಗಿರಣಿ ಹಿಟ್ಟು ಮೈತುಂಬ, ಬಂದ್ರ ನಗಿ ಮನಿತುಂಬ,
ವಿನಾಯಕರ ಹೆಸರು ನನ್ನ ಬಾಯಿತುಂಬ.

ಬಾಗಿಲಲ್ಲಿ ನಗೆಯೋ ನಗೆ. "ಅಲ್ಲವಾ, ನಿನ್ನ ಗಂಡ ಬ್ಯಾಂಕಿನಾಗ ಅದಾನ. ಅವನ ಮೈಗೆ ಹಿಟ್ಟು ಎಲ್ಲಿಂದ ಬಂತು?" ಎಂದಳು ಒಬ್ಬ ನಾದಿನಿ. "ನನಗೇನ ಗೊತ್ರಿ? ನೆಟ್ಟಿನಾಗ ಹಂಗ ಐತಿ" ಎಂದಳು ಮದುಮಗಳು.

ಅದೇ ಹೊತ್ತಿಗೆ ಹಿತ್ತಲಿನಿಂದ ಸೀದ ಹುಗ್ಗಿಯ ವಾಸನೆ ಬಂತು. ಗೋಧಿ, ಬೆಲ್ಲ, ತಳ ಹಿಡಿದ ಹಂಡೆ. ಆ ಒಡಪು ಕಿವಿಗೆ, ಈ ವಾಸನೆ ಮೂಗಿಗೆ, ಎರಡೂ ಒಟ್ಟಿಗೆ ಬಂದದ್ದೇ ತಡ, ನನಗೆ ತಳಕಲ್ಲಿನ ಶಾಲೆ, 2008ನೇ ಇಸವಿ, ಆ ಜೂನ್‌ನಿಂದ ಎಳ್ಳಮಾವಾಸ್ಯೆವರೆಗಿನ ಒಂದೊಂದು ಶನಿವಾರವೂ ನುಗ್ಗಿ ಬಂತು. ಆ ಒಡಪನ್ನು ಮೊದಲು ನೆಟ್ಟಿಗೆ ಹಾಕಿದವಳು ನಾನು. ಆ ಹಿಟ್ಟು ಯಾರ ಮೈಮೇಲಿತ್ತು ಎಂಬುದು ನನಗೆ ಗೊತ್ತು. ಹೇಳಲಿಕ್ಕೆ ನಾಲಿಗೆ ತುರಿಸಿತು, ಆದರೆ ಮದುವೆ ಮನೆಯಲ್ಲಿ ಯಾರಿಗೆ ಪುರುಸೊತ್ತು? ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ನನ್ನದು ಗಂಗಾವತಿ. ಕಾಲುವೆ ನೀರು, ಭತ್ತದ ಗದ್ದೆ, ಮೂರು ಹೊತ್ತೂ ಅನ್ನ. ಮಾಸ್ತರಿಕೆ ಸಿಕ್ಕಿದ್ದು ಯಲಬುರ್ಗಾ ತಾಲೂಕಿನ ತಳಕಲ್ಲಿನಲ್ಲಿ. ಅಲ್ಲಿ ಎರೆ ಹೊಲ, ಜೋಳ, ಮತ್ತು ಗಾಳಿ. ಆ ಗಾಳಿಗೆ ಕರಿಹಲಗೆ ಒರೆಸುವ ಬಟ್ಟೆ ಕೂಡ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ನನಗಾಗ ಇಪ್ಪತ್ತೈದು. ಊರಿಗೆಲ್ಲ ನಾನು 'ಅಕ್ಕೋರು', ಅಂದರೆ ಹೆಣ್ಣು ಮಾಸ್ತರು. ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಶನಿವಾರ ಮುಂಜಾನೆ ಶಾಲೆ. ಹನ್ನೊಂದೂವರೆಗೆ ಗಂಟೆ ಹೊಡೆದದ್ದೇ ಟಂಟಂ ಆಟೊ ಹತ್ತಿ ದೊಡ್ಡ ರಸ್ತೆಗೆ ಬಂದು, ಸಿಕ್ಕ ಬಸ್ಸಿಗೆ ನೇತುಬಿದ್ದು ಕೊಪ್ಪಳಕ್ಕೆ ಓಡುತ್ತಿದ್ದೆ. ಸಂತೆಗೆ ಹೋಗುತ್ತಾಳೆ ಅಂತ ಊರವರು ತಿಳಿದಿದ್ದರು. ನಾನು ಹೋಗುತ್ತಿದ್ದದ್ದು ಸೈಬರಿಗೆ.

ಒಂದು ಸಣ್ಣ ಮಳಿಗೆಯಲ್ಲಿ ಆರು ಕಂಪ್ಯೂಟರು, ಒಂದು ಗೊಣಗುಟ್ಟುವ ಫ್ಯಾನು. ಮಾಲೀಕ ಮೌಲಾಸಾಬ. ಮೂವತ್ತೈದರ ಆಸುಪಾಸಿನ ಮನುಷ್ಯ, ಮಾತಿನ ಮಲ್ಲ. ಹೆಣ್ಣುಮಕ್ಕಳು ಬಂದರೆ ಮೂಲೆಯ ಮಷೀನು ಕೊಡುತ್ತಿದ್ದ, ಯಾರೂ ಇಣುಕದ ಹಾಗೆ ಒಂದು ಪರದೆಯನ್ನೂ ಕಟ್ಟಿಸಿದ್ದ. ಆ ಮೂಲೆಯಲ್ಲಿ ಕೂತು ನಾನು ಕನ್ನಡದ ಬ್ಲಾಗುಗಳನ್ನು ಓದುತ್ತಿದ್ದೆ. ಯಾರು ಯಾರೋ ತಮ್ಮ ಊರು, ತಮ್ಮ ಅಜ್ಜಿ, ತಮ್ಮ ತಿಂಡಿ, ಎಲ್ಲ ಬರೆಯುತ್ತಿದ್ದರು. ನೂರಾರು ಜನ ಓದುತ್ತಿದ್ದರು. ನಮ್ಮ ಸೀಮೆಯ ಮಾತು ಮಾತ್ರ ಎಲ್ಲೂ ಇರಲಿಲ್ಲ. ನನಗೆ ಸಿಟ್ಟು ಬಂತು. ಮಾಸ್ತರಿಗೆ ಸಿಟ್ಟು ಬಂದರೆ ಬರೆಯುವುದೊಂದೇ ದಾರಿ.

ಜೂನ್‌ನ ಎರಡನೇ ಶನಿವಾರ ಬ್ಲಾಗು ತೆರೆದೆ. 'ಹೆಸರು ಹೇಳ್ತೀನಿ ಕೇಳ್ರಿ' ಅಂತ ಹೆಸರಿಟ್ಟೆ. ಬರೆಯುವವಳ ಹೆಸರಿನ ಜಾಗದಲ್ಲಿ 'ಅಕ್ಕೋರು' ಅಂತ ಹಾಕಿದೆ. ಮೊದಲ ಬರಹ ಟಂಟಂ ಸವಾರಿಯ ಬಗ್ಗೆ. ಹದಿನಾಲ್ಕು ಜನ ಕೂಡುವ ಗಾಡಿಯಲ್ಲಿ ಡ್ರೈವರು ಎಲ್ಲಿ ಕೂಡುತ್ತಾನೆ ಎಂಬ ತಮಾಷೆ. ಪುಟದ ಕೆಳಗೆ ಓದಿದವರ ಎಣಿಕೆ ತೋರಿಸುವ ಒಂದು ಪುಟ್ಟ ಚೌಕವಿತ್ತು. ಮುಂದಿನ ವಾರ ಬಂದು ನೋಡಿದರೆ ಅದರಲ್ಲಿ ಒಂಬತ್ತು. ಹಿಗ್ಗಿಹೋದೆ. ಆಮೇಲೆ ಲೆಕ್ಕ ಹಾಕಿದೆ. ಏಳು ಸಲ ನಾನೇ ತೆಗೆದು ನೋಡಿದ್ದೆ. ಉಳಿದ ಎರಡು ಮೌಲಾಸಾಬನವು.

"ಪಾಪ, ಒಬ್ಬರಾದ್ರೂ ಓದ್ಲಿ ಅಂತ ನಾನ ಒತ್ತಿದೆ ಅಕ್ಕೋರ" ಎಂದ. "ಆದ್ರ ನನ್ನ ಮಷೀನಿನಾಗ ನಿಮ್ಮ ಅಕ್ಷರ ಎಲ್ಲಾ ಚೌಕ ಚೌಕ ಕಾಣತಾವ. ಚೌಕ ಎಣಿಸಿ ಎದ್ದೆ."

ಆ ಚೌಕಗಳ ರೋಗ ಹೋಗಲಾಡಿಸಲಿಕ್ಕೆ ಅವನು ಒಂದಿಡೀ ವಾರ ಗುದ್ದಾಡಿ, ನನ್ನ ಮೂಲೆಯದರಲ್ಲಿದ್ದ ಹಾಗೆ ಉಳಿದೆಲ್ಲ ಮಷೀನುಗಳಿಗೂ ಕನ್ನಡ ಅಕ್ಷರ ಕೂರಿಸಿದ. ಇಷ್ಟು ದಿನದ ಮೇಲೂ ಆ ಉಪಕಾರವನ್ನು ನಾನು ಮರೆತಿಲ್ಲ.

ಹೀಗೆ ಕುಂಟುತ್ತಿದ್ದ ಬ್ಲಾಗಿಗೆ ಕಾಲು ಕೊಟ್ಟವಳು ನೀಲವ್ವ.

ನೀಲವ್ವ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಐವತ್ತರ ಹೆಣ್ಣುಮಗಳು, ಎತ್ತರದ ಆಳು, ಕುಂಕುಮವಿಲ್ಲದ ಹಣೆ. ಗಂಡ ತೀರಿ ಹದಿನಾಲ್ಕು ವರ್ಷವಾಗಿತ್ತು. ಅನ್ನ ಉಂಡು ಬೆಳೆದ ನನಗೆ ಶಾಲೆಯ ಅಡುಗೆಮನೆಯೇ ತವರಾಗಿ, ಬಿಡುವಿನ ವೇಳೆಯಲ್ಲಿ ಅಲ್ಲಿ ಹೋಗಿ ಕೂಡುತ್ತಿದ್ದೆ. ಒಂದು ದಿನ ಆಕೆ ಮೊರದಲ್ಲಿ ಅಕ್ಕಿಯ ಹಳ್ಳು ಆರಿಸುತ್ತಿದ್ದಾಗ ಮದುವೆ ನಿಶ್ಚಯವಾದ ಒಬ್ಬ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. "ಯವ್ವಾ, ನಮ್ಮವರು ಕಂಡಕ್ಟರ್ ಅದಾರ. ಶರಣಪ್ಪ ಅಂತ. ಕುಷ್ಟಗಿ ಬಸ್ಸು." ನೀಲವ್ವ ತಲೆ ಎತ್ತಲಿಲ್ಲ. ಮೊರದಿಂದ ನಾಲ್ಕು ಹಳ್ಳು ಎತ್ತಿ ಎಸೆಯುವಷ್ಟರಲ್ಲಿ ಒಡಪು ತಯಾರು:

ಸೀಟಿ ಊದಿದ್ರ ನಿಲ್ಲತೈತಿ ಕುಷ್ಟಗಿ ಗಾಡಿ,
ನಾ ಕಣ್ಣ ಬಿಟ್ರ ನಿಲ್ತಾರ ಶರಣಪ್ಪನವರು ನೋಡಿ.

ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಮೇಲೆ ಗೊತ್ತಾಯಿತು, ಸುತ್ತ ನಾಲ್ಕು ಹಳ್ಳಿಯ ಮದುಮಕ್ಕಳಿಗೆ ಒಡಪು ಕಟ್ಟಿಕೊಡುವವಳು ಈಕೆಯೇ. ಗಂಡಿನ ಹೆಸರು, ಕೆಲಸ, ಒಂದು ಒಳ್ಳೆಯ ಗುಣ, ಒಂದು ಕೆಟ್ಟ ಗುಣ, ಇಷ್ಟು ಹೇಳಿದರೆ ಸಾಕು. ಕೈಯಲ್ಲಿ ಕೆಲಸ ಇರಬೇಕು ಅಷ್ಟೆ. ಕೈ ಖಾಲಿ ಇದ್ದರೆ ಆಕೆಗೆ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಹುಡುಗಿಯರು ಒಡಪು ಒಯ್ದು ಹೊಸ್ತಿಲಲ್ಲಿ ಹೇಳಿ ಮೆರೆಯುತ್ತಿದ್ದರು. ನೀಲವ್ವ ಆ ಹೊತ್ತಿಗೆ ಹಿತ್ತಲಲ್ಲಿ ಹಂಡೆಯ ಮುಂದೆ ಇರುತ್ತಿದ್ದಳು. ಆಕೆಯನ್ನು ಮಾತ್ರ ಯಾರೂ ಹೆಸರು ಕೇಳುತ್ತಿರಲಿಲ್ಲ. ಗಂಡ ಹೋದವಳನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಕಂಡಕ್ಟರನ ಒಡಪನ್ನು ಪಾಠ ಟಿಪ್ಪಣಿಯ ಹಿಂದಿನ ಹಾಳೆಯಲ್ಲಿ ಬರೆದುಕೊಂಡು, ಶನಿವಾರ ಬ್ಲಾಗಿಗೆ ಹಾಕಿದೆ. ಅದರ ಮುಂದಿನ ಶನಿವಾರ ಬಂದು ನೋಡುತ್ತೇನೆ, ಕೆಳಗೆ ಹದಿನೇಳು ಪ್ರತಿಕ್ರಿಯೆ. ಮೈಸೂರಿನ ಒಬ್ಬ ಹೆಣ್ಣುಮಗಳು 'ಒಡಪು ಅಂದರೇನು, ನಮ್ಮಲ್ಲಿ ಇದಿಲ್ಲವಲ್ಲ, ಇನ್ನಷ್ಟು ಬರೆಯಿರಿ' ಎಂದಿದ್ದಳು. ಧಾರವಾಡದ ಒಬ್ಬ ವಿದ್ಯಾರ್ಥಿ ತನ್ನ ಅತ್ತಿಗೆಯ ಒಡಪು ಬರೆದಿದ್ದ. ಎಲ್ಲಕ್ಕಿಂತ ಕೆಳಗೆ ಮಸ್ಕತ್ತಿನಿಂದ ಒಬ್ಬ ನರ್ಸ್, ಶಿವಲೀಲಾ: "ಅಕ್ಕೋರ, ನಮ್ಮದು ಯಲಬುರ್ಗಾ. ಇಲ್ಲಿ ಬಂದು ನಾಕು ವರ್ಷ ಆತು. 'ನಿಲ್ಲತೈತಿ' ಅನ್ನೂ ಮಾತು ಅಚ್ಚಿನಾಗ ನೋಡಿ ನಗೀ ಬಂತು, ಅಳೂನೂ ಬಂತು. ಇನ್ನೊಂದು ಹಾಕ್ರಿ."

ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಪರದೆ ಸರಿಸಿ, "ಮೌಲಾಸಾಬ, ಮಸ್ಕತ್! ಮಸ್ಕತ್ತಿನಾಗ ಓದ್ಯಾರ!" ಎಂದು ಕೂಗಿದೆ. ಸೈಬರಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. "ನಿಮ್ಮ ಮಾರಿ ನೋಡಿದ್ರ ಲಾಟ್ರಿ ಹತ್ತಿದಂಗ ಐತಿ" ಎಂದ ಮೌಲಾಸಾಬ. ಚಹಾ ತರಿಸಿದ. ಆ ದಿನ ಬಸ್ಸಿನಲ್ಲಿ ಜಾಗ ಸಿಗದೆ ಬಾಗಿಲಲ್ಲಿ ನಿಂತು ಬಂದೆ, ಮಳೆ ಮುಖಕ್ಕೆ ಹೊಡೆಯುತ್ತಿತ್ತು, ನನಗೆ ಕುಣಿಯಬೇಕು ಅನ್ನಿಸುತ್ತಿತ್ತು.

ಶ್ರಾವಣ ಪೂರ್ತಿ ಹಬ್ಬ. ಸೋಮವಾರದಿಂದ ಶುಕ್ರವಾರದವರೆಗೆ ನೀಲವ್ವನ ಪಕ್ಕ ಕೂತು ಬೆಳ್ಳುಳ್ಳಿ ಸುಲಿದುಕೊಡುವುದು, ಒಡಪು ಕೇಳುವುದು, ಬರೆದುಕೊಳ್ಳುವುದು. ಶನಿವಾರ ಏರಿಸುವುದು. ದರ್ಜಿಯ ಹೆಂಡತಿಗೆ ಕಟ್ಟಿದ್ದು, ಕಂಬ ಹತ್ತುವ ಲೈನ್‌ಮನ್ನನ ಹೆಂಡತಿಗೆ ಕಟ್ಟಿದ್ದು, ಆನೆಗೊಂದಿಗೆ ಕೊಟ್ಟ ಹುಡುಗಿಗೆ ಬಾಳೆಯ ತೋಟದ ಮೇಲೆ ಕಟ್ಟಿದ್ದು. ಬೆಂಗಳೂರಿನ ಒಬ್ಬ ಹಿರಿಯ ಬ್ಲಾಗಿಗರು ತಮ್ಮ ಪುಟದಲ್ಲಿ ನನ್ನ ಬ್ಲಾಗಿನ ಕೊಂಡಿ ಕೊಟ್ಟು 'ತಪ್ಪದೆ ಓದಿ' ಎಂದು ಬರೆದರು ನೋಡಿ, ಎಣಿಕೆಯ ಚೌಕ ಒಂದೇ ವಾರದಲ್ಲಿ ಮೂರಂಕಿಯಿಂದ ನಾಲ್ಕಂಕಿಗೆ ಜಿಗಿಯಿತು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗ್ಗಿ ಹೇಳಿಸುತ್ತಿದ್ದರೂ ಮನಸ್ಸು ಕೊಪ್ಪಳದ ಮೂಲೆ ಮಷೀನಿನಲ್ಲಿ. ಯಾರು ಏನು ಹೇಳಿದರೂ ಇದನ್ನು ಬರೆಯಬಹುದೇ ಎಂದು ತೂಗಿ ನೋಡುವ ಚಟ ಹತ್ತಿತು.

ನೀಲವ್ವನಿಗೆ ಅದು ತಿಳಿಯದೇ ಇರುತ್ತದೆಯೇ? "ಅಕ್ಕೋರ, ನೀವು ನನ್ನ ಮಾತು ಕೇಳಾಕತ್ತೀರೋ, ಬರಿಯಾಕ ಬೇಕಂತ ಕೇಳಾಕತ್ತೀರೋ?" ಎಂದು ಒಮ್ಮೆ ಕೇಳಿದಳು. ನಗುತ್ತಲೇ ಕೇಳಿದಳು. ನಾನೂ ನಕ್ಕು ತೇಲಿಸಿದೆ.

ಮಹಾನವಮಿ ರಜೆ ಇನ್ನೇನು ಶುರುವಾಗಬೇಕು, ಆಗ ಒಂದು ದಿನ ಮಳೆ ಹಿಡಿಯಿತು. ಮಕ್ಕಳು ಉಂಡು ಹೋಗಿದ್ದರು. ನೀಲವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಏನೂ ಕೇಳಲಿಲ್ಲ. ತಾನಾಗಿಯೇ, ಮೊರದ ಕಡೆ ನೋಡುತ್ತಲೇ ಹೇಳಿದಳು:

ಗಿರಣಿ ಹಿಟ್ಟು ಮೈತುಂಬ, ಬಂದ್ರ ನಗಿ ಮನಿತುಂಬ,
ಫಕೀರಪ್ಪನವರ ಹೆಸರು ನನ್ನ ಬಾಯಿತುಂಬ.

ಗಂಡ ಹಿಟ್ಟಿನ ಗಿರಣಿ ನಡೆಸುತ್ತಿದ್ದನಂತೆ. ಸಂಜೆ ಮನೆಗೆ ಬಂದರೆ ಹುಬ್ಬು ಕೂಡ ಬಿಳಿ. ಬಾಗಿಲಲ್ಲಿ ನಿಂತು ತಲೆ ಕೊಡವಿದರೆ ಅಂಗಳದ ಕೋಳಿಗಳಿಗೆಲ್ಲ ಸೀನು. "ಇದು ನಂದು ಅಕ್ಕೋರ. ಮದಿವ್ಯಾದ ವರ್ಷ ಕಟ್ಟಿದ್ದು. ಅವರು ಹ್ವಾದ ಮ್ಯಾಲ ಇವತ್ತ ಹೇಳಾಕತ್ತೀನಿ" ಎಂದಳು. ಆಮೇಲೆ ಮೊರ ಕೆಳಗಿಟ್ಟಳು. "ಬರಕೋರಿ. ಇದನ್ನ ಬರಕೋರಿ. ಅವರ ಹೆಸರು ಸೈತ."

ಬರೆದುಕೊಂಡೆ. ಆಕೆ ಪುಸ್ತಕ ಕೇಳಿ ಈಸಿಕೊಂಡು, ಅಕ್ಷರ ಬಾರದ ಕಣ್ಣಿನಿಂದ ಸಾಲುಗಳ ಮೇಲೆ ಬೆರಳಿಟ್ಟು, "ಇದರಾಗ ಅವರ ಹೆಸರು ಯಾವುದ್ರಿ?" ಎಂದಳು. ತೋರಿಸಿದೆ. ಆ ನಾಲ್ಕು ಅಕ್ಷರದ ಮೇಲೆ ಬೆರಳು ಆಡಿಸಿ ಪುಸ್ತಕ ವಾಪಸು ಕೊಟ್ಟಳು.

ಇನ್ನು ಮುಂದಿನದು ನನ್ನ ಕರ್ಮ. ರಜೆಗೆ ಗಂಗಾವತಿಗೆ ಹೋದೆ. ಅಲ್ಲಿ ಮನೆ ಹತ್ತಿರವೇ ಸೈಬರು, ಶನಿವಾರಕ್ಕೆ ಕಾಯುವ ಮಾತಿಲ್ಲ. ಹಿರಿಯ ಬ್ಲಾಗಿಗರಿಗೆ ಒಂದು ಪತ್ರ ಬರೆದು, ಒಂದು ಬಹಳ ಛಲೋ ಒಡಪು ಸಿಕ್ಕಿದೆ, ಹೆಣ್ಣುಮಗಳ ಸ್ವಂತದ್ದು, ಎಂದು ತಿಳಿಸಿದೆ. ಅವರು ಕಾಳಜಿಯಿಂದಲೇ ಉತ್ತರಿಸಿದರು: ನಿಜವಾದ ಹೆಸರು ಹಾಕಬೇಡಿ, ಊರಲ್ಲಿ ಯಾರಾದರೂ ಓದಿದರೆ ಆಕೆಗೆ ತೊಂದರೆ. ಆ ಮಾತು ಬುದ್ಧಿವಂತರ ಮಾತು, ಒಪ್ಪಿದೆ. ಆದರೆ ನಿಜ ಹೇಳಿಬಿಡುತ್ತೇನೆ, ನನ್ನೊಳಗೆ ಇನ್ನೊಂದು ಹುಳವೂ ಇತ್ತು. ಫಕೀರಪ್ಪ ಅಂದರೆ ದೂರದ ಓದುಗರಿಗೆ ಒರಟು ಅನ್ನಿಸೀತು, ಒಂದು ನಾಜೂಕಾದ ಹೆಸರಿದ್ದರೆ ಚೆಂದ ಎಂದು ಆ ಹುಳ ಹೇಳಿತು. 'ರಾಜಶೇಖರ' ಎಂದು ಹಾಕಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಹೆಸರು ಬದಲಿಸಲಾಗಿದೆ' ಎಂದು ಬರೆದು ಕೈ ತೊಳೆದುಕೊಂಡೆ. ನೀಲವ್ವನ ಹೆಸರನ್ನೂ ಬಿಟ್ಟೆ. ಆದರೆ ತಳಕಲ್ಲಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಅವ್ವ ತನ್ನ ಗಂಡನಿಗೆ ಹೇಳಿದ ಒಡಪು ಎಂದು ಊರು, ಕೆಲಸ ಎರಡನ್ನೂ ಡಾಣಾಡಂಗುರವಾಗಿ ಬರೆದಿದ್ದೆ. ಜಾಣತನ ನೋಡಿ!

ಆ ಬರಹ ಓಡಿದ ಓಟ ನಾನು ಮತ್ತೆ ಕಂಡಿಲ್ಲ. ಮಿಂಚಂಚೆಯಲ್ಲಿ ಕೈಯಿಂದ ಕೈಗೆ ಹೋಯಿತು. ಒಂದು ದಿನಪತ್ರಿಕೆಯವರು ಭಾನುವಾರದ ಪುರವಣಿಗೆ ಹಾಕಿಕೊಳ್ಳಲೇ ಎಂದು ಕೇಳಿದರು. ಕೇಳಿ ಮುಗಿಸುವುದರೊಳಗೆ ಹೂಂ ಅಂದೆ. ದೀಪಾವಳಿಗೆ ಮುಂಚಿನ ಭಾನುವಾರ ಪೇಪರು ಬಂತು. ಗಂಗಾವತಿ ಬಸ್ ನಿಲ್ದಾಣದಲ್ಲಿ ನಾಲ್ಕು ಪ್ರತಿ ಕೊಂಡು, ನಿಂತಲ್ಲೇ ಬಿಡಿಸಿದೆ. ಬಣ್ಣದ ಚಿತ್ರ, ದಪ್ಪ ಅಕ್ಷರ, 'ಅಕ್ಕೋರು'! ಅಪ್ಪ ಒಂದು ಪ್ರತಿಯನ್ನು ಓಣಿಯ ಪ್ರತಿ ಮನೆಗೂ ಹೊತ್ತು ತಿರುಗಿದ. ಸಂಭ್ರಮದಲ್ಲಿ ಒಂದನ್ನು ನಾನು ಗಮನಿಸಲೇ ಇಲ್ಲ. ಜಾಗ ಸಾಲದೆ ಏನೋ, ಕೆಳಗಿನ ಸಣ್ಣ ಅಕ್ಷರದ ಸಾಲನ್ನು ಅವರು ಬಿಟ್ಟಿದ್ದರು.

ರಜೆ ಮುಗಿದು ತಳಕಲ್ಲಿಗೆ ಬಂದೆ. ಪೇಪರು ಕೈಯಲ್ಲಿ ಹಿಡಿದೇ ಅಡುಗೆಮನೆಗೆ ಓಡಿದೆ. ನೀಲವ್ವ ಒಲೆಗೆ ಕಟ್ಟಿಗೆ ಹಾಕುತ್ತಿದ್ದಳು. ತಿರುಗಿ ನೋಡದೆ ಕೇಳಿದಳು.

"ಅಕ್ಕೋರ, ರಾಜಶೇಖರ ಯಾರ್ರಿ?"

ಚಹಾದಂಗಡಿಯಲ್ಲಿ ಯಾರೋ ಪೇಪರನ್ನು ಗಟ್ಟಿಯಾಗಿ ಓದಿದ್ದರಂತೆ. ಅದು ನಳದ ಕಟ್ಟೆಗೆ ಬಂದು, ಹೆಂಗಸರು ಕೊಡ ಇಟ್ಟು, "ಯಾವ ರಾಜಶೇಖರನವ್ವಾ? ನಮಗ ಗೊತ್ತಿಲ್ಲದಂಗ?" ಎಂದು ನಕ್ಕಿದ್ದರು.

"ಅದು ಸುಮ್ನ ಒಂದು ಹೆಸರು ನೀಲವ್ವ. ಖರೇ ಹೆಸರು ಹಾಕಿದ್ರ ನಿನಗ ತ್ರಾಸ ಆದೀತಂತ..." ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು.

"ನನ್ನ ಹೆಸರು ಹಾಕಿದ್ರೂ ನಡೀತಿತ್ತು, ಬಿಟ್ರೂ ನಡೀತಿತ್ತು. ಅವರದ್ಯಾಕ ತಗದ್ರಿ? ಹುಡಿಗ್ಯಾರು ನನ್ನ ಒಡಪು ಒಯ್ದು ತಮ್ಮ ಗಂಡನ ಹೆಸರು ಹಾಕ್ಕೋತಾರ, ಅದು ಅವರ ಹಕ್ಕು. ನೀವು ನಾ ಹೇಳೀನಿ ಅಂತ ಬರದು, ನನ್ನ ಬಾಯಾಗ ಪರಗಂಡಸಿನ ಹೆಸರು ಇಟ್ರಿ. ಮಂದಿ ನಗಲಿ, ನಕ್ಕು ಸುಮ್ನಾಗ್ತಾರ. ಹದಿನಾಕು ವರ್ಷಕ್ಕ ಒಮ್ಮಿ ಅವರ ಹೆಸರು ಎತ್ತಿದ್ದೆ ಅಕ್ಕೋರ. ಅದನ್ನ ಅಳಿಸಿ ಊರ ತುಂಬ ಹಂಚಿದ್ರಿ."

ಕೈಯಲ್ಲಿದ್ದ ಪೇಪರನ್ನು ಬೆನ್ನ ಹಿಂದೆ ಸರಿಸಿದೆ. ನಾಚಿಕೆಯಿಂದ ಕಿವಿ ಸುಟ್ಟುಹೋದವು. ಮರುದಿನದಿಂದ ನೀಲವ್ವ ನನ್ನ ಜೊತೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ತಟ್ಟೆ ನೋಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅದೂ ಹೋಗಲಿ. ಕಾರ್ತಿಕದಲ್ಲಿ ಮದುವೆ ನಿಶ್ಚಯವಾದ ಹುಡುಗಿಯೊಬ್ಬಳು ಬಂದು ಗಂಡಿನ ಹೆಸರು ಹೇಳಿದರೆ, "ನನಗ ಬರೂದಿಲ್ಲವಾ ಈಗ" ಎಂದು ತಿರುಗಿ ಕಳಿಸಿದಳು. ಕೈಯಲ್ಲಿ ಮೊರವಿತ್ತು, ಮೊರದಲ್ಲಿ ಅಕ್ಕಿಯಿತ್ತು. ಆ ಹುಡುಗಿ ಪೆಚ್ಚಾಗಿ ಹೋಗುವುದನ್ನು ನಾನು ತರಗತಿಯ ಕಿಟಕಿಯಿಂದ ನೋಡಿದೆ.

ಆ ಶನಿವಾರ ಕೊಪ್ಪಳಕ್ಕೆ ಹೋಗಿ ಮೌಲಾಸಾಬನಿಗೆ ಎಲ್ಲ ಹೇಳಿದೆ. "ಅದಕ್ಯಾಕ ಚಿಂತಿ ಅಕ್ಕೋರ? ಒಳಗ ಹೋಗಿ ಆ ಹೆಸರು ತಿದ್ದಿಬಿಡ್ರಿ. ಯಾರಿಗೂ ಗೊತ್ತಾಗೂದಿಲ್ಲ" ಎಂದ. ನಿಜ, ನಾಲ್ಕು ಕೀಲಿ ಒತ್ತಿದರೆ ಮುಗಿಯಿತು. ಬೆರಳು ಅಲ್ಲಿವರೆಗೂ ಹೋಯಿತು. ಯಾರಿಗೂ ಗೊತ್ತಾಗದಂತೆ ತಿದ್ದಿದರೆ ನೀಲವ್ವನಿಗೆ ಏನು ಸಿಕ್ಕಂತಾಯಿತು? ಹೊಸ ಪುಟ ತೆಗೆದೆ. ನಾನು ತಪ್ಪು ಮಾಡಿದೆ ಎಂದು ಮೊದಲ ಸಾಲಿನಲ್ಲೇ ಬರೆದೆ. ಹೆಸರು ಬದಲಿಸಿದ್ದೇಕೆ, ಒಳಗಿನ ಹುಳ ಯಾವುದು, ಪುಸ್ತಕದ ಮೇಲೆ ಬೆರಳಾಡಿಸಿದ ಆ ಮಳೆಯ ದಿನ, ಎಲ್ಲ ಬರೆದೆ. ಕೊನೆಗೆ ಒಡಪನ್ನು ಇದ್ದ ಹಾಗೆ ಹಾಕಿದೆ, ಫಕೀರಪ್ಪನವರ ಹೆಸರಿನೊಂದಿಗೆ. ಕಟ್ಟಿದವಳು ನೀಲವ್ವ ಎಂದೂ ಬರೆದೆ. ಇಷ್ಟು ದಿನ ಕೂಡಿಸಿದ ಓದುಗರೆಲ್ಲ ಛೀ ಅಂದು ಎದ್ದು ಹೋಗುತ್ತಾರೆಂಬ ಹೆದರಿಕೆ ಇತ್ತು, ಆದರೂ ಏರಿಸಿಬಿಟ್ಟೆ.

ಆ ವಾರ ಹೇಗೆ ಕಳೆಯಿತೋ. ಶನಿವಾರ ಸೈಬರಿನ ಮೆಟ್ಟಿಲು ಹತ್ತುವಾಗಲೇ ಮೌಲಾಸಾಬ ಬಾಗಿಲಲ್ಲಿ ಕುಣಿಯುತ್ತಿದ್ದ. "ಬರ್ರಿ ಅಕ್ಕೋರ, ಲಗೂನ ಬರ್ರಿ! ಮಷೀನು ಬಿಸಿಯಾಗೈತಿ!"

ಪ್ರತಿಕ್ರಿಯೆ ಓದುತ್ತ ಓದುತ್ತ ಪುಟ ಇಳಿದೇ ಇಳಿಯಿತು. ಬೈದವರು ಇದ್ದರು, ಸರಿಯಾಗಿಯೇ ಬೈದಿದ್ದರು. ಹಿರಿಯ ಬ್ಲಾಗಿಗರು ತಮ್ಮ ಸಲಹೆಗೆ ತಾವೇ ಕ್ಷಮೆ ಕೇಳಿದ್ದರು. ಶಿವಲೀಲಾ ಬರೆದಿದ್ದಳು: "ನಮ್ಮ ಹಾಸ್ಟೆಲಿನಾಗ ಕನ್ನಡದವರು ಐದು ಮಂದಿ ಅದೀವಿ. ಐದೂ ಮಂದಿ ಎದ್ದು ನಿಂತು ಗಟ್ಟಿಯಾಗಿ ಹೇಳಿದಿವಿ. ಫಕೀರಪ್ಪನವರ ಹೆಸರು ಮಸ್ಕತ್ತಿನ ತುಂಬ." ಅದರ ಕೆಳಗೆ ಮೈಸೂರಿನವಳು 'ಫಕೀರಪ್ಪನವರ ಹೆಸರು ಮೈಸೂರಿನ ತುಂಬ' ಎಂದಿದ್ದಳು. ಆಮೇಲೆ ಧಾರವಾಡದ ತುಂಬ, ಪುಣೆಯ ತುಂಬ, ಲಂಡನ್ನಿನ ತುಂಬ, ಒಬ್ಬನಂತೂ ಹಡಗಿನ ಕೆಲಸದವನು, ಸಮುದ್ರದ ತುಂಬ. ನನಗೆ ಅಳು ತಡೆಯಲಾಗಲಿಲ್ಲ. ಮೌಲಾಸಾಬ ಎಲ್ಲವನ್ನೂ ಪ್ರಿಂಟು ತೆಗೆದುಕೊಟ್ಟ.

ಸೋಮವಾರ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಓದಿದೆ. ನೀಲವ್ವ ಬೇಳೆ ತೊಳೆಯುತ್ತಿದ್ದಳು. ಬೇಡ ಎನ್ನಲಿಲ್ಲ. ಲಂಡನ್ ಬಂದಾಗ ಕೈ ನಿಂತಿತು. ಸಮುದ್ರ ಬಂದಾಗ ತುಟಿ ಅಲುಗಿದಂತೆ ಕಂಡಿತು. ಓದಿ ಮುಗಿದ ಮೇಲೆ ಒಂದು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಮುಖ ನೋಡಿ ಹೇಳಿದಳು:

"ಕಾಗದದಾಗ ಸರಿ ಆತು. ಊರಾಗ?"

ಅದೊಂದು ಮಾತು ಕೊರೆಯುತ್ತಲೇ ಉಳಿಯಿತು. ನಳದ ಕಟ್ಟೆಗೆ ಬ್ಲಾಗು ಎಲ್ಲಿಂದ ಬರಬೇಕು? ಮನೆ ಮನೆಗೆ ಹೋಗಿ ಹೇಳುವ ಮಾತೂ ಅಲ್ಲ.

ದಾರಿ ತಾನಾಗಿ ಬಂತು. ಎಳ್ಳಮಾವಾಸ್ಯೆ ಹತ್ತಿರವಾಗುತ್ತಿದ್ದ ಹಾಗೆ ಶಿವಲೀಲಾ ಸೂಟಿಗೆ ಊರಿಗೆ ಬರುತ್ತೇನೆ, ನಿಮ್ಮಿಬ್ಬರನ್ನೂ ನೋಡಲೇಬೇಕು ಎಂದು ಬರೆದಳು. ಅದನ್ನು ಓದಿ ಮೈಸೂರಿನವಳು ತಾನೂ ಬರುತ್ತೇನೆಂದಳು, ಧಾರವಾಡದ ವಿದ್ಯಾರ್ಥಿ ಅತ್ತಿಗೆಯನ್ನು ಕರೆದುಕೊಂಡು ಹೊರಟ. ಶನಿವಾರ ಮುಂಜಾನೆ ಮೌಲಾಸಾಬ ಸೈಬರಿಗೆ ಬೀಗ ಹಾಕಿ, ನಾಲ್ವರನ್ನೂ ಯಾರದೋ ಜೀಪಿನಲ್ಲಿ ತುಂಬಿಕೊಂಡು ಬಂದ. ಹೆಡ್‌ಮಾಸ್ತರರು ಶಾಲು, ತೆಂಗಿನಕಾಯಿ ತರಿಸಿದ್ದರು. ಕಂಪ್ಯೂಟರಿನ ಮಂದಿ ಬರುತ್ತಾರಂತೆ ಎಂದು ಊರ ಹೆಂಗಸರೆಲ್ಲ ಶಾಲೆಯ ಅಂಗಳದಲ್ಲಿ ನೆರೆದರು. ಮಕ್ಕಳಿಗೂ ಅತಿಥಿಗಳಿಗೂ ಗೋಧಿ ಹುಗ್ಗಿ. ಅಡುಗೆಮನೆಯಿಂದ ಬೆಲ್ಲ ಕುದಿಯುವ ಪರಿಮಳ ಅಂಗಳದವರೆಗೂ ಬರುತ್ತಿತ್ತು.

ನೀಲವ್ವ ಹೊರಗೆ ಬರಲಿಲ್ಲ. ಶಿವಲೀಲಾ ಹೋಗಿ ಕರೆದರೂ "ಕೆಲಸ ಐತಿ" ಎಂದಳು.

ಹೆಡ್‌ಮಾಸ್ತರರು ಭಾಷಣ ಶುರು ಮಾಡಿದರು. ದೇಶ ವಿದೇಶಗಳಲ್ಲಿ ಹೆಸರು ಮಾಡಿದ ನಮ್ಮ ಅಕ್ಕೋರು ಎಂದು ನನ್ನ ಹೆಗಲಿಗೆ ಶಾಲು ಹಾಕಿದರು. ಅಷ್ಟರಲ್ಲಿ ನೀಲವ್ವ ಕೊಡ ಹಿಡಿದು ನಳದ ಕಡೆ ಹೋಗುವುದು ಕಂಡಿತು. ಹೇಗೆ ಹೊಳೆಯಿತೋ, ಮುಂದೆ ಏನಾಗುತ್ತದೋ ಎಂದು ಯೋಚಿಸಲೂ ಇಲ್ಲ, ಭಾಷಣದ ನಡುವೆಯೇ ಎದ್ದು ಓಡಿ, ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಒಂದು ಕೈಯಿಂದ ಚೌಕಟ್ಟು ಹಿಡಿದೆ.

ನೀಲವ್ವ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಬಂದಳು.

"ಸರೀರಿ ಅಕ್ಕೋರ."

"ಹೆಸರ ಹೇಳವ್ವಾ. ಹೇಳೋಮಟ ಒಳಗ ಬಿಡೂದಿಲ್ಲ."

ಹೆಡ್‌ಮಾಸ್ತರರ ಭಾಷಣ ಅರ್ಧಕ್ಕೆ ನಿಂತಿತು. ಹಿರಿಯಳೊಬ್ಬಳು, ಊರಿನ ಮದುವೆಗಳಿಗೆಲ್ಲ ಮುಂದಾಳಾಗುವ ಸಂಗವ್ವಾಯಿ, ಮೆಲ್ಲಗೆ ಗದರಿದಳು. "ಅಕ್ಕೋರ, ಆಕೀನ್ನ ಹಂಗ ಕೇಳಬಾರದ್ರಿ." ನಾನು ಸರಿಯಲಿಲ್ಲ. ಶಿವಲೀಲಾ ಬಂದು ನನ್ನ ಪಕ್ಕ ನಿಂತು ಚೌಕಟ್ಟಿನ ಇನ್ನೊಂದು ಕಡೆ ಹಿಡಿದಳು. ಮೈಸೂರಿನವಳಿಗೆ ಏನೂ ತಿಳಿಯದಿದ್ದರೂ ಬಂದು ಹಿಂದೆ ನಿಂತಳು.

ನೀಲವ್ವ ನಮ್ಮನ್ನು ನೋಡಿದಳು. ಅಂಗಳ ನೋಡಿದಳು. ಕೊಡದ ನೀರು ತುಳುಕಿ ಸೀರೆ ಒದ್ದೆಯಾಗುತ್ತಿತ್ತು. ಬೇಡ ಅಂತಾಳೆ, ಕೊಡ ಇಟ್ಟು ಮನೆಗೆ ಹೋಗುತ್ತಾಳೆ ಅಂದುಕೊಂಡೆ. ಆಕೆ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಕೈಯಲ್ಲಿ ಕೆಲಸ ಇತ್ತಲ್ಲ.

ಕಂಡಿಲ್ಲದ ಮಂದಿ ಬಂದಾರ ದಾರಿ ಕೇಳ್ಕೊಂಡು,
ಫಕೀರಪ್ಪನವರು ಕುಂತಾರ ಎಲ್ಲಾರ ಬಾಯಾಗ ಮನಿ ಮಾಡ್ಕೊಂಡು.

ಸಂಗವ್ವಾಯಿ ಮುಂದೆ ಬಂದಳು. ಬೈಯಲಿಕ್ಕೆ ಬಂದಳೆಂದು ನಾನು ತಲೆ ತಗ್ಗಿಸಿದೆ. ಆಕೆ ನನ್ನ ಕೈ ಪಕ್ಕದಲ್ಲೇ ತನ್ನ ಕೈ ಚಾಚಿ ಬಾಗಿಲಿಗೆ ಅಡ್ಡ ಇಟ್ಟಳು. ಹೊಸ ಮದುಮಗಳನ್ನು ಕಾಡುವಾಗ ಕೇಳುತ್ತಾರಲ್ಲ, ಅದೇ ಧಾಟಿಯಲ್ಲಿ ಕೇಳಿದಳು:

"ಯಾರ ಹೆಸರವ್ವಾ? ಸಣ್ಣ ದನಿ ಆತು. ನಳದ ಮಟ ಕೇಳಿಸಲಿಲ್ಲ."

ನೀಲವ್ವನ ಮುಖ ಕೆಂಪಗಾಯಿತು. ಐವತ್ತರ ಹೆಂಗಸು ಹಾಗೆ ನಾಚಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಫಕೀರಪ್ಪ!" ಎಂದು ಕೂಗಿದಳು. "ಫಕೀರಪ್ಪ, ಫಕೀರಪ್ಪ! ಈಗ ಕೇಳಿಸ್ತಿಲ್ಲೋ? ಇನ್ನ ಸರೀರಿ ಅಕ್ಕೋರ, ಹುಗ್ಗಿ ತಳಾ ಹತ್ತಾಕತ್ತೈತಿ."

ಹುಗ್ಗಿ ನಿಜಕ್ಕೂ ಸೀದಿತ್ತು. ಇಡೀ ಊರು ಎರಡೆರಡು ಸಲ ಹಾಕಿಸಿಕೊಂಡು ಉಂಡಿತು.